ಬಿಡುವಿನ ಕೈಗೆಲಸ: ಮಡಚುಗಾಲಿನ ಜೆಟ್ ಮಾದರಿಯ ಸಮತೂಕ

ಮನೆಯಲ್ಲಿ ಕುಳಿತು ಮಾಡಬಹುದಾದ ಕೈಗೆಲಸಗಳನ್ನು ಕುರಿತು ತಿಂಗಳು ತಿಂಗಳೂ ಬರೆಯುತ್ತಿರುವ ನಾನು, ಈ ಸಲ ನೆಲವನ್ನು ಬಿಟ್ಟು ಆಕಾಶದ ಮಾತಿಗೆ ಕೈಹಾಕಿರುವೆನು. ಇದಕ್ಕೆ ಕಾರಣನು ನನ್ನ ತಂಗಿಯ ಮಗ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಸೂರ್ಯಕಿರಣ ತಂಡದ ಕೆಂಪು ಬಿಳುಪಿನ ವಿಮಾನಗಳು ಸಾಲುಗಟ್ಟಿ ಹಾರಿದುದನ್ನು ಕಂಡು ಬಂದಂದಿನಿಂದ ಆ ಹುಡುಗನಿಗೆ ಬೇರೆ ಧ್ಯಾನವಿಲ್ಲ. ೧೯೯೬ರಲ್ಲಿ ಕಟ್ಟಿದ ಈ ತಂಡವು ಮೊದಲು ಬೆಂಗಳೂರಿನಲ್ಲಿಯೇ ತಯಾರಾದ ಕಿರಣ ವಿಮಾನಗಳನ್ನೂ, ೨೦೧೫ರಿಂದೀಚೆಗೆ ಹಾಕ್ ವಿಮಾನಗಳನ್ನೂ ಹಾರಿಸುತ್ತ ಬಂದಿದೆ. ಹುಡುಗನು ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಹತ್ತು ತಿಂಗಳು ಕೂಡಿಟ್ಟ ಹಣದಿಂದ ರೇಡಿಯೋ ಮೂಲಕ ನಡೆಸುವ ಜೆಟ್ ಮಾದರಿಯೊಂದನ್ನು ಕೊಂಡು, ಅಂಟಿಸಿ, ಅದಕ್ಕೆ ಅದೇ ಕೆಂಪು ಬಿಳುಪು ಬಳಿದನು. ಮನೆಗೆ ಹಿರಿಯನೂ ಯಂತ್ರಗಳ ಗಂಧವುಳ್ಳವನೂ ಆದ ನಾನು ಅದರ ತೂಕವನ್ನು ಪರೀಕ್ಷಿಸಿ “ಸರಿಯಾಗಿದೆ” ಎಂದು ಅಪ್ಪಣೆ ಕೊಟ್ಟೆನು. ಮಾದರಿಯು ಸೊಗಸಾಗಿ ನೆಲ ಬಿಟ್ಟಿತು. ಹುಡುಗನು ಗುಂಡಿಯೊತ್ತಿ ಗಾಲಿಗಳನ್ನು ಮಡಚಿದನು. ಎರಡು ಕ್ಷಣಗಳಲ್ಲಿ ಅದು ಮೂಗನ್ನು ಮೇಲೆತ್ತಿ, ಗಾಳಿಯಲ್ಲಿ ನಿಂತಂತಾಗಿ, ಪಕ್ಕಕ್ಕೆ ಮಗುಚಿಕೊಂಡು ರಾಗಿ ಹೊಲದಲ್ಲಿ ಬಿದ್ದಿತು.

ಚೂರುಗಳನ್ನು ಆರಿಸುವಾಗ ಅವನು ಹೇಳಿದುದು ಒಂದೇ ಮಾತು: “ಮಾವ, ತೂಕ ಸರಿಯಾಗಿದೆಯೆಂದು ನೀವೇ ಹೇಳಿದಿರಲ್ಲ?” ನಾನು ಏನೆಂದು ಉತ್ತರ ಕೊಡಲಿ! ಅಂದಿನಿಂದ ಮೂರು ತಿಂಗಳು ಈ ವಿಷಯವನ್ನು ಕಲಿತು, ನನ್ನ ಖರ್ಚಿನಲ್ಲಿ ಎರಡನೆಯ ಮಾದರಿಯನ್ನು ಅವನೊಡನೆ ಕುಳಿತು ಸಿದ್ಧಪಡಿಸಿದೆನು. ಹಾಗೆ ಕಲಿತುದನ್ನು ಇಲ್ಲಿ ನಿರೂಪಿಸುವೆನು.

ನಮ್ಮ ಮಾದರಿಯಲ್ಲಿ ಬೆಂಕಿಯಿಂದ ನಡೆಯುವ ನಿಜವಾದ ಜೆಟ್ ಯಂತ್ರವಿಲ್ಲ. ಒಡಲಿನೊಳಗಿನ ಕೊಳವೆಯಲ್ಲಿ ೭೦ ಮಿಲಿಮೀಟರು ವ್ಯಾಸದ ವಿದ್ಯುತ್ ಫ್ಯಾನು ಕುಳಿತಿದ್ದು, ಮುಂದಿನಿಂದ ಗಾಳಿಯನ್ನು ಎಳೆದು ಹಿಂದಕ್ಕೆ ಚಿಮ್ಮುತ್ತದೆ. ಮೂಗಿನಲ್ಲಿ ಪ್ರೊಪೆಲ್ಲರ್ ಉಳ್ಳ ಮಾದರಿಗಳಿಗೂ ಇದಕ್ಕೂ ಒಂದು ಮುಖ್ಯ ಭೇದವುಂಟು. ಪ್ರೊಪೆಲ್ಲರಿನ ಗಾಳಿಯು ಬಾಲದ ಹಲಗೆಗಳ ಮೇಲೆ ಬೀಸುವುದರಿಂದ, ವಿಮಾನವು ನಿಂತಿರುವಾಗಲೂ ಬಾಲಕ್ಕೆ ಸ್ವಲ್ಪ ಹಿಡಿತವಿರುತ್ತದೆ. ಜೆಟ್ಟಿನ ಗಾಳಿಯಾದರೋ ನೇರವಾಗಿ ಹಿಂದೆ ಹೊರಟುಹೋಗುತ್ತದೆ. ವಿಮಾನವು ವೇಗವಾಗಿ ಓಡಿದ ಹೊರತು ಬಾಲವು ಏನನ್ನೂ ಮಾಡಲಾರದು. ಆದುದರಿಂದ ತೂಕವು ಎಲ್ಲಿದೆ, ಗಾಲಿಗಳು ಎಲ್ಲಿವೆ ಎಂಬೆರಡು ವಿಷಯಗಳು ಜೆಟ್ಟಿನಲ್ಲಿ ಇಮ್ಮಡಿ ಮಹತ್ವವನ್ನು ಪಡೆಯುತ್ತವೆ.

ಮೊದಲು ತೂಕದ ಕೇಂದ್ರವನ್ನು ನೋಡೋಣ. ಅದು ಮುಂದಿದ್ದರೆ ವಿಮಾನವು ಮೂಗುಭಾರವಾಗಿ ಸೋಮಾರಿಯಂತೆ ಹಾರುತ್ತದೆ, ಇಳಿಯುವಾಗ ಮೂಗನ್ನೆತ್ತಲು ಹಟ ಮಾಡುತ್ತದೆ. ಆದರೂ ಮನೆಗೆ ಹಿಂದಿರುಗುತ್ತದೆ. ಹಿಂದಿದ್ದರೆ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿದರೂ ಮೂಗು ಹಾರಿಬೀಳುತ್ತದೆ, ತಾನಾಗಿ ಸರಿಹೋಗುವುದಿಲ್ಲ. ಸಾಮಾನ್ಯವಾಗಿ ರೆಕ್ಕೆಯ ಸರಾಸರಿ ಅಗಲದ ನಾಲ್ಕನೆಯ ಒಂದು ಭಾಗದಲ್ಲಿ, ಅಂದರೆ ಮುಂಚಿನಿಂದ ನೂರಕ್ಕೆ ೨೫ರಷ್ಟು ಹಿಂದೆ, ಕೇಂದ್ರವನ್ನಿಟ್ಟು ಆರಂಭಿಸುವುದು ಕ್ಷೇಮ. ಆದರೆ ಜೆಟ್ಟಿನ ರೆಕ್ಕೆಯು ಹಿಂದಕ್ಕೆ ಬಾಗಿ, ತುದಿಯಲ್ಲಿ ಕಿರಿದಾಗಿರುವುದರಿಂದ, ಈ ಸರಾಸರಿ ಅಗಲವು ಎಲ್ಲಿದೆಯೆಂಬುದನ್ನು ಕಾಗದದ ಮೇಲೆ ಬರೆದು ಕಂಡುಕೊಳ್ಳಬೇಕಾಗುತ್ತದೆ.

ಕ್ರಮವು ಬಹು ಸುಲಭ. ಒಂದು ಪಕ್ಕದ ರೆಕ್ಕೆಯನ್ನು ಅಳತೆಗೆ ಸರಿಯಾಗಿ ಬರೆಯಿರಿ. ಬುಡದ ಅಗಲದ ಗೆರೆಯನ್ನು ಹಿಂದಕ್ಕೆ, ತುದಿಯ ಅಗಲದಷ್ಟು ಉದ್ದ, ಬೆಳೆಸಿರಿ. ತುದಿಯ ಗೆರೆಯನ್ನು ಮುಂದಕ್ಕೆ, ಬುಡದ ಅಗಲದಷ್ಟು ಉದ್ದ, ಬೆಳೆಸಿರಿ. ಈ ಎರಡು ಕೊನೆಗಳನ್ನು ಓರೆಗೆರೆಯಿಂದ ಸೇರಿಸಿರಿ. ಬುಡದ ನಡುಬಿಂದುವನ್ನೂ ತುದಿಯ ನಡುಬಿಂದುವನ್ನೂ ಸೇರಿಸುವ ಇನ್ನೊಂದು ಗೆರೆಯನ್ನೆಳೆದರೆ, ಎರಡೂ ಗೆರೆಗಳು ಕೂಡುವಲ್ಲಿ ಸರಾಸರಿ ಅಗಲವಿರುತ್ತದೆ. ನಮ್ಮ ಮಾದರಿಯಲ್ಲಿ ಬುಡ ೩೦೦ ಮಿ.ಮೀ., ತುದಿ ೧೫೦, ಒಂದು ಪಕ್ಕದ ಉದ್ದ ೪೫೦, ತುದಿಯ ಮುಂಚು ಬುಡದ ಮುಂಚಿಗಿಂತ ೧೮೦ ಹಿಂದೆ. ಗೆರೆಗಳು ಬುಡದಿಂದ ೨೦೦ ಮಿ.ಮೀ. ದೂರದಲ್ಲಿ ಕೂಡಿದವು, ಅಲ್ಲಿ ರೆಕ್ಕೆಯ ಅಗಲ ೨೩೩, ಅದರ ಮುಂಚು ಬುಡದ ಮುಂಚಿಗಿಂತ ೮೦ ಹಿಂದೆ. ೨೩೩ರಲ್ಲಿ ಕಾಲುಭಾಗ ೫೮. ಎಂದ ಮೇಲೆ ಬುಡದ ಮುಂಚಿನಿಂದ ೧೩೮ ಮಿ.ಮೀ. ಹಿಂದೆ ತೂಕವು ನಿಲ್ಲತಕ್ಕದ್ದು. ಸಾಮಾನಿನೊಡನೆ ಬಂದ ತಿಳಿವಳಿಕೆಯ ಕಾಗದವು ೧೩೮ರಿಂದ ೧೪೮ರವರೆಗೆ ಎಂದು ಹೇಳಿದ್ದಿತು. ಮೂಗಿಗೆ ಸೀಸವನ್ನು ತುಂಬುವ ಶ್ರಮ ತಪ್ಪಲೆಂದು ನಾನು ಮೊದಲನೆಯ ಸಲ ೧೪೮ನ್ನೇ ಆರಿಸಿಕೊಂಡಿದ್ದೆನು. ನನ್ನ ಮೊದಲನೆಯ ತಪ್ಪು ಇದು.

ಎರಡನೆಯ ತಪ್ಪು ಗಾಲಿಗಳಿಗೆ ಸಂಬಂಧಿಸಿದುದು. ಮಾದರಿಯನ್ನು ಗಾಲಿಗಳ ಮೇಲೆ ನಿಲ್ಲಿಸಿ, ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ ನೋಡಿದರಾಯಿತೆಂದು ಭಾವಿಸಿದ್ದೆನು. ಆದರೆ ಗಾಲಿಗಳು ಮಡಚಿದಾಗ ತೂಕವೂ ಜಾಗ ಬದಲಾಯಿಸುವುದಷ್ಟೆ. ರೆಕ್ಕೆಯ ಕಾಲುಗಳು ಪಕ್ಕಕ್ಕೆ ಮಡಚಿಕೊಳ್ಳುವುದರಿಂದ ಅವುಗಳಿಂದ ಹೆಚ್ಚು ಬಾಧಕವಿಲ್ಲ. ಮೂಗಿನ ಕಾಲು ಮಾತ್ರ ನಮ್ಮದರಲ್ಲಿ ಹಿಂದಕ್ಕೆ ಮಡಚುತ್ತದೆ. ಆ ಕಾಲೂ ಗಾಲಿಯೂ ಸೇರಿ ೪೦ ಗ್ರಾಂ. ಅವುಗಳ ತೂಕವು ೬೦ ಮಿ.ಮೀ. ಹಿಂದಕ್ಕೆ ಸರಿಯುತ್ತದೆ. ೪೦ನ್ನು ೬೦ರಿಂದ ಗುಣಿಸಿ ಇಡೀ ತೂಕವಾದ ೧೩೫೦ ಗ್ರಾಮಿನಿಂದ ಭಾಗಿಸಿದರೆ ಸುಮಾರು ೧.೮ ಮಿ.ಮೀ. ಇದು ಅತ್ಯಲ್ಪವೇ ಸರಿ. ಆದರೆ ಗಡಿಯಂಚಿನಲ್ಲಿ ನಿಂತವನಿಗೆ ಅತ್ಯಲ್ಪವೂ ಸಾಕು. ಕೆಲವು ಮಾದರಿಗಳಲ್ಲಿ ಮೂಗಿನ ಕಾಲು ಮುಂದಕ್ಕೆ ಮಡಚುವುದುಂಟು. ಅಲ್ಲಿ ಗಾಲಿ ಇಳಿದಾಗಲೇ ತೂಕವು ಹಿಂದಿರುತ್ತದೆ. ಯಾವ ಸ್ಥಿತಿಯಲ್ಲಿ ತೂಕವು ಹೆಚ್ಚು ಹಿಂದಿರುವುದೋ ಆ ಸ್ಥಿತಿಯಲ್ಲಿಯೇ ತೂಗತಕ್ಕದ್ದು. ಕೆಳರೆಕ್ಕೆಯ ಮಾದರಿಯಾದರೆ ಅದನ್ನು ಅಂಗಾತ ಮಗುಚಿ, ಬ್ಯಾಟರಿ ಮುಚ್ಚಳ ಸಹಿತವಾಗಿ ಎಲ್ಲವನ್ನೂ ಸೇರಿಸಿ, ಗುರುತಿಟ್ಟ ಬಿಂದುಗಳಲ್ಲಿ ಎರಡು ಪೆನ್ಸಿಲಿನ ತುದಿಗಳ ಮೇಲೆ ನಿಲ್ಲಿಸುವುದು ಅನುಕೂಲ. ಅದೇ ವೇಳೆಯಲ್ಲಿ ಮೂಗನ್ನೂ ಬಾಲವನ್ನೂ ಬೆರಳುಗಳಲ್ಲಿ ಹಿಡಿದೆತ್ತಿ, ಯಾವ ರೆಕ್ಕೆಯು ಕೆಳಗೆ ವಾಲುವುದೆಂದು ನೋಡಿ, ಹಗುರವಾದ ಕಡೆಯ ತುದಿಗೆ ಒಂದು ಚೂರು ಸೀಸವನ್ನು ಅಂಟಿಸಬೇಕು.

ಮೂರನೆಯ ತಪ್ಪು ರಾಗಿ ಹೊಲದಲ್ಲಿ ತಿಳಿಯಿತು. ೩೪೦ ಗ್ರಾಮಿನ ಬ್ಯಾಟರಿಯು ತನ್ನ ಗೂಡಿನಲ್ಲಿ ಹಿಂದಿನ ಗೋಡೆಗೆ ಒತ್ತಿಕೊಂಡು ಕುಳಿತಿದ್ದಿತು. ನಾನಿಟ್ಟ ಗುರುತಿಗಿಂತ ೨೫ ಮಿ.ಮೀ. ಹಿಂದೆ. ಪಟ್ಟಿಯನ್ನು ಸಡಿಲವಾಗಿ ಕಟ್ಟಿದ್ದುದರಿಂದ, ವಿಮಾನವು ಮುಂದಕ್ಕೆ ನೆಗೆದಾಗ ಬ್ಯಾಟರಿಯು ಹಿಂದೆ ಜಾರಿದೆ. ಇದರಿಂದಲೇ ತೂಕದ ಕೇಂದ್ರವು ೬ ಮಿ.ಮೀ. ಮೀರಿ ಸರಿಯಿತು. ಮೂರು ತಪ್ಪುಗಳು ಒಂದರ ಮೇಲೊಂದು ಕುಳಿತುದರ ಫಲವನ್ನು ಹುಡುಗನು ಅನುಭವಿಸಬೇಕಾಯಿತು. ಈಗ ಬ್ಯಾಟರಿಯ ಹಿಂದೆ ಗಟ್ಟಿ ಫೋಮಿನ ತುಂಡೊಂದನ್ನು ಅಂಟಿಸಿ, ಎರಡು ಪಟ್ಟಿಗಳಿಂದ ಬಿಗಿದಿರುವೆವು. ಕಟ್ಟಿದ ಮೇಲೆ ಮೂಗನ್ನು ಮೇಲೆ ಮಾಡಿ ಒಂದೆರಡು ಬಾರಿ ಕೊಡವಿ ನೋಡುವ ವಾಡಿಕೆಯನ್ನೂ ಇಟ್ಟುಕೊಂಡಿರುವೆವು.

ಇನ್ನು ನೆಲದ ಮೇಲಿನ ನಿಲುವು. ಇದಕ್ಕೆ ಅಡುಗೆಮನೆಯ ತೂಕದ ಯಂತ್ರವೇ ಸಾಕು. ಮೂಗಿನ ಗಾಲಿಯನ್ನು ಅದರ ಮೇಲಿಟ್ಟು, ಹಿಂದಿನ ಎರಡು ಗಾಲಿಗಳ ಕೆಳಗೆ ಅಷ್ಟೇ ಎತ್ತರದ ಪುಸ್ತಕಗಳನ್ನಿಡಬೇಕು. (“ಅಣ್ಣ, ಹಬ್ಬದ ಸಕ್ಕರೆ ತೂಗುವ ಯಂತ್ರದ ಮೇಲೆ ಗಾಲಿಯೇ?” ಎಂದು ತಂಗಿಯು ಆಕ್ಷೇಪಿಸಿದಳು, ಗಾಲಿಯನ್ನು ತೊಳೆದೆವು.) ಮೂಗಿನ ಗಾಲಿಯ ಮೇಲೆ ೧೩೫ ಗ್ರಾಂ ಬಂದಿತು. ಮುಂದಿನ ಗಾಲಿಗೂ ಹಿಂದಿನ ಗಾಲಿಗಳಿಗೂ ನಡುವಣ ಅಂತರ ೪೦೦ ಮಿ.ಮೀ. ಇವೆರಡನ್ನೂ ಗುಣಿಸಿ ೧೩೫೦ರಿಂದ ಭಾಗಿಸಿದರೆ ೪೦. ಅಂದರೆ ತೂಕದ ಕೇಂದ್ರವು ಹಿಂದಿನ ಗಾಲಿಗಳಿಗಿಂತ ೪೦ ಮಿ.ಮೀ. ಮುಂದೆ ಇದೆ. ಹೀಗೆ ಮೂಗಿನ ಮೇಲೆ ಹತ್ತರಲ್ಲಿ ಒಂದು ಪಾಲಿನಷ್ಟು ತೂಕವಿರುವುದು ಒಳ್ಳೆಯದು. ಬಹಳ ಹೆಚ್ಚಿದ್ದರೆ, ಮೇಲೆ ಹೇಳಿದಂತೆ ಬಲವಿಲ್ಲದ ಬಾಲಕ್ಕೆ ಮೂಗನ್ನೆತ್ತುವುದು ಅಸಾಧ್ಯವಾಗಿ, ವಿಮಾನವು ಹಾದಿ ಮುಗಿಯುವವರೆಗೆ ಓಡುತ್ತಲೇ ಇರುತ್ತದೆ. ಬಹಳ ಕಡಮೆಯಿದ್ದರೆ ಮೂಗಿನ ಗಾಲಿಯು ನೆಲವನ್ನು ಹಿಡಿಯದೆ ದಾರಿ ತಪ್ಪುತ್ತದೆ. ನಿಂತಾಗ ಒಡಲು ಮಟ್ಟಸವಾಗಿ, ಇಲ್ಲವೆ ಮೂಗು ಒಂದು ಡಿಗ್ರಿಯಷ್ಟು ಮೇಲಾಗಿ, ಇರಬೇಕು. ಮೂಗು ತಗ್ಗಿದ್ದರೆ ರೆಕ್ಕೆಯು ವಿಮಾನವನ್ನು ನೆಲಕ್ಕೇ ಒತ್ತುವುದು.

ಹಿಂದಿನ ಗಾಲಿಗಳು ಪರಸ್ಪರ ಸಮಾನಾಂತರವಾಗಿರಲಿ. ಒಂದು ಗಾಲಿ ಓರೆಯಾಗಿದ್ದರೂ ವಿಮಾನವು ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಅಂಗಳದಲ್ಲಿ ಕೈಯಿಂದ ತಳ್ಳಿಬಿಟ್ಟರೆ ಹತ್ತು ಹೆಜ್ಜೆ ನೇರವಾಗಿ ಹೋಗತಕ್ಕದ್ದು. ಮೂಗಿನ ಗಾಲಿಯು ತಿರುಗುವ ಮಿತಿಯನ್ನು ಕಡಮೆ ಮಾಡಿಡಿರಿ. ವೇಗದಲ್ಲಿ ಎರಡು ಬೆರಳಗಲದ ತಿರುವೂ ವಿಮಾನವನ್ನು ಮಗುಚೀತು. ಮಡಚುವ ಮುನ್ನ ಆ ಗಾಲಿಯು ನೇರಕ್ಕೆ ಬಂದಿರದಿದ್ದರೆ ಗೂಡಿನ ಅಂಚಿಗೆ ಸಿಕ್ಕಿಕೊಳ್ಳುವುದು. ಈಗಿನ ವಿದ್ಯುತ್ ಕಾಲುಗಳಲ್ಲಿ ಚಿಕ್ಕ ಮೋಟಾರು ತಿರುಪಿನ ಸರಳೊಂದನ್ನು ತಿರುಗಿಸುತ್ತದೆ. ಕೊನೆಯಲ್ಲಿ ತಡೆಯಾದಾಗ ಹೆಚ್ಚುವ ವಿದ್ಯುತ್ತನ್ನು ಗ್ರಹಿಸಿ ತಾನೇ ನಿಲ್ಲುತ್ತದೆ. ಎಂದರೆ ನಡುದಾರಿಯಲ್ಲಿ ಧೂಳೋ ತಂತಿಯೋ ತಡೆದರೂ ಅದು “ಕೆಲಸ ಮುಗಿಯಿತು” ಎಂದೇ ಭಾವಿಸಿ ನಿಂತುಬಿಡುವುದು! ಆದಕಾರಣ ಮಾದರಿಯನ್ನು ಅಂಗಾತ ಮಲಗಿಸಿ ಇಪ್ಪತ್ತು ಬಾರಿ ಮಡಚಿ ಬಿಚ್ಚಿ, ಪ್ರತಿ ಸಲವೂ ಮೂರು ಕಾಲುಗಳೂ ಪೂರ್ತಿಯಾಗಿ ಹೋಗಿ ಬರುವುದನ್ನು ಕಣ್ಣಾರೆ ನೋಡಬೇಕು.

ರೇಡಿಯೋ ವಿಚಾರವನ್ನು ಸಂಕ್ಷೇಪವಾಗಿ ಹೇಳುವೆನು. ೧೯೩೭ರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸೋದರರು ಮಾದರಿ ವಿಮಾನವನ್ನು ರೇಡಿಯೋದಿಂದ ಹಾರಿಸಿದಾಗ ಯಂತ್ರವನ್ನೆಲ್ಲ ಕೈಯಿಂದಲೇ ಕಟ್ಟಬೇಕಾಗಿದ್ದಿತು. ಈಗ ೨.೪ ಗಿಗಾಹರ್ಟ್ಸಿನ ಸಿದ್ಧ ಪೆಟ್ಟಿಗೆಗಳು ದೊರೆಯುತ್ತವೆ. ಆದರೂ ಕೈಯಲ್ಲಿರುವ ಟ್ರಾನ್ಸ್‌ಮಿಟರನ್ನು ಮೊದಲು ಹೊತ್ತಿಸಿ ಆಮೇಲೆ ಮಾದರಿಗೆ ವಿದ್ಯುತ್ ಕೊಡುವುದು, ಆರಿಸುವಾಗ ಮೊದಲು ಮಾದರಿಯನ್ನು ಆರಿಸುವುದು, ಎಂಬ ಕ್ರಮವನ್ನು ಎಂದಿಗೂ ತಪ್ಪಿಸಬಾರದು. ಸಂಪರ್ಕ ಕಡಿದರೆ ಫ್ಯಾನು ನಿಲ್ಲುವಂತೆ ಏರ್ಪಡಿಸಿ, ಒಬ್ಬರು ಮಾದರಿಯನ್ನು ಭದ್ರವಾಗಿ ಹಿಡಿದಿರುವಾಗ ಟ್ರಾನ್ಸ್‌ಮಿಟರನ್ನು ಬೇಕೆಂದೇ ಆರಿಸಿ ಪರೀಕ್ಷಿಸಿರಿ. ಗಾಳಿ ಹೊಗುವ ಬಾಯಿಯ ಬಳಿ ಸೆರಗು, ಕೈವಸ್ತ್ರ, ಮಕ್ಕಳ ಬೆರಳು ಯಾವುದೂ ಸುಳಿಯಕೂಡದು.

ಗೃಹಸ್ಥರು ಎಲ್ಲಕ್ಕಿಂತ ಹೆಚ್ಚು ಗಮನವಿಡಬೇಕಾದುದು ಬ್ಯಾಟರಿಯ ಮೇಲೆ. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದೊಂದು ಕೋಶವೂ ತುಂಬಿದಾಗ ೪.೨ ವೋಲ್ಟು; ಇಟ್ಟಿಡುವಾಗ ೩.೮ರಷ್ಟಿರಬೇಕು. ಉಬ್ಬಿದ ಅಥವಾ ಪೆಟ್ಟು ತಿಂದ ಬ್ಯಾಟರಿಗೆ ಮತ್ತೆ ವಿದ್ಯುತ್ ತುಂಬಿಸಿದರೆ ಬೆಂಕಿ ಹೊತ್ತಿಕೊಳ್ಳುವ ಸಂಭವವುಂಟು. ಹಾಸಿಗೆ, ಮರದ ಮೇಜು, ಮಲಗುವ ಕೋಣೆ ಇವುಗಳಲ್ಲಿ ಎಂದಿಗೂ ತುಂಬಿಸಬೇಡಿರಿ. ಕಲ್ಲುಚಪ್ಪಡಿಯ ಮೇಲೆ, ಪಕ್ಕದಲ್ಲಿ ಒಂದು ಬಕೀಟು ಮರಳಿಟ್ಟುಕೊಂಡು, ಯಾರಾದರೂ ಎಚ್ಚರವಾಗಿ ಕುಳಿತಿರುವಾಗ ಮಾತ್ರ ತುಂಬಿಸತಕ್ಕದ್ದು. ಹಾರಾಟದ ಕಾಲವೂ ಬಹು ಸ್ವಲ್ಪ: ನಮ್ಮ ೨೨೦೦ ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಯಲ್ಲಿ ಐದನೆಯ ಒಂದು ಪಾಲನ್ನು ಉಳಿಸಿಕೊಂಡರೆ ಮೂರು ನಿಮಿಷ ಮಾತ್ರ. ಗಡಿಯಾರವು ಕೂಗಿದೊಡನೆ ಇಳಿಸಬೇಕು.

ಎಲ್ಲಿ ಹಾರಿಸಬಹುದೆಂಬುದಕ್ಕೂ ಕಟ್ಟುಪಾಡುಂಟು. ಭಾರತ ಸರ್ಕಾರವು ೨೦೨೧ರಲ್ಲಿ ಹೊರಡಿಸಿದ ಡ್ರೋನ್ ನಿಯಮಗಳಲ್ಲಿ ಆಕಾಶವನ್ನು ಹಸುರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದೆ. ಬೆಂಗಳೂರಿನ ಸುತ್ತಲೂ ವಿಮಾನನಿಲ್ದಾಣಗಳೇ ಇರುವುದರಿಂದ ನಾವು ಕೋಲಾರದ ಕಡೆ ದೂರ ಹೋಗಬೇಕಾಯಿತು.

ಎರಡನೆಯ ಮಾದರಿಯನ್ನು ಹಾರಿಸಿದ ದಿನ ಬೆಳಗ್ಗೆ ಗಾಳಿ ಇರಲಿಲ್ಲ. ತೂಕವು ೧೩೮ರಲ್ಲಿ ನಿಂತಿದ್ದಿತು; ಅದಕ್ಕಾಗಿ ಮೂಗಿನಲ್ಲಿ ಸೀಸವೂ ಕುಳಿತಿದ್ದಿತು. ಹುಡುಗನು ನನ್ನ ಮಾತಿಗೆ ಕಾಯದೆ ತಾನೇ ಮಗುಚಿ ತೂಗಿ ನೋಡಿದನು. ನಾನು ಬಾಯಿ ತೆರೆಯಲಿಲ್ಲ. ಓಡಿ ಏರಿದ ಮಾದರಿಯನ್ನು ಅವನು ಸಾಕಷ್ಟು ಎತ್ತರಕ್ಕೆ ಒಯ್ದ ಬಳಿಕವೇ ಗಾಲಿಗಳನ್ನು ಮಡಚಿದನು. ಮೂಗು ಅಲುಗಲಿಲ್ಲ. ಒಂದು ಸುತ್ತು ಹಾಕಿ, ಎತ್ತರದಲ್ಲಿಯೇ ಗಾಲಿಗಳನ್ನಿಳಿಸಿ, ವೇಗವನ್ನು ತಗ್ಗಿಸಿ, ಎಷ್ಟು ನಿಧಾನಕ್ಕೆ ಬಂದರೆ ರೆಕ್ಕೆ ಬೀಳುವುದೆಂಬುದನ್ನು ಪರೀಕ್ಷಿಸಿಕೊಂಡನು. ಇಳಿಯುವಾಗ ಫ್ಯಾನನ್ನು ನಿಲ್ಲಿಸದೆ, ನೆಲದ ಸಮೀಪದವರೆಗೂ ಅರ್ಧದಷ್ಟು ಶಕ್ತಿಯನ್ನು ಉಳಿಸಿಕೊಂಡು ಬಂದನು. ನಿಂತ ಫ್ಯಾನು ಮತ್ತೆ ವೇಗಕ್ಕೆ ಬರಲು ಕಾಲ ಬೇಕಾಗುವುದರಿಂದ ಇದು ಅವಶ್ಯಕ. ಹಿಂದಿನ ಗಾಲಿಗಳು ಮೊದಲು ಮುಟ್ಟಿದವು, ಆಮೇಲೆ ಮೂಗಿನದು. ಸ್ವಲ್ಪ ಎಡಕ್ಕೆ ಸರಿದು ಹುಲ್ಲಿನ ಅಂಚಿನಲ್ಲಿ ನಿಂತಿತು.

“ಮಾವ, ಎಡಗಾಲಿ ಇನ್ನೂ ಓರೆಯಿದೆ,” ಎಂದನು. ಸಂಜೆ ಮನೆಗೆ ಬಂದು ಅದನ್ನು ಬಿಚ್ಚಿ ನೋಡಿದೆವು; ಓರೆಯಾಗಿದ್ದುದು ನಿಜ.