ಅತ್ತೆಯ ಹಾಡಿನ ಡಬ್ಬಿ

ಈ ಸಲದ ಪತ್ರಗಳಲ್ಲಿ, ಚಕ್ಕುಲಿ ಮೆತ್ತಗಾಯಿತೆಂಬ ದೂರುಗಳ ನಡುವೆ, ಒಂದೇ ಪ್ರಶ್ನೆ ಮೂರು ನಾಲ್ಕು ಊರುಗಳಿಂದ ಬಂದಿದೆ. ‘ಮನೆಯಲ್ಲಿ ಹಿರಿಯರಿದ್ದಾರೆ. ಟೇಪ್ ರೆಕಾರ್ಡರ್ ಕೆಟ್ಟು ಅಟ್ಟ ಸೇರಿದೆ. ಹಾಡು ಕೇಳಲು ಅಂಗೈಯಲ್ಲಿ ಹಿಡಿಯುವಂಥ ಎಂಪಿ3 ಪ್ಲೇಯರ್ ಸಿಗುತ್ತದಂತೆ. ಕೊಳ್ಳಬಹುದೇ? ಕೊಂಡರೆ ಎಂಥದ್ದು?’

ಕೊಳ್ಳಬಹುದು ಗೆಳತಿಯರೇ, ಧಾರಾಳವಾಗಿ. ಆದರೆ ಅಂಗಡಿಗೆ ಹೊರಡುವ ಮೊದಲು ನಮ್ಮ ಮನೆಯ ಕಥೆ ಸ್ವಲ್ಪ ಕೇಳಿ. ನಾನು ಕಳೆದುಕೊಂಡು ಕಲಿತದ್ದು ನಿಮಗಾದರೂ ಪುಕ್ಕಟೆಯಾಗಿ ಸಿಗಲಿ.

ನಮ್ಮತ್ತೆಗೆ ಈಗ 79 ವರ್ಷ. ಕಣ್ಣು ಮಂಜಾದರೂ ಕಿವಿ ಚುರುಕು. ಬೆಳಗಿನ ಜಾವ ನಾಲ್ಕಕ್ಕೇ ಎಚ್ಚರವಾಗುತ್ತದೆ. ಆರು ಗಂಟೆಯ ಕಾಫಿಯವರೆಗೆ ಹೊತ್ತು ಹೋಗಬೇಕಲ್ಲ! ಅವರ ಹತ್ತಿರ ಒಂದು ಕ್ಯಾಸೆಟ್ ಇತ್ತು. 1984ರಲ್ಲಿ ಅವರ ಕೊನೆಯ ತಂಗಿಯ ಮದುವೆಗೆ ಮಸ್ಕತ್‌ನಿಂದ ಬಂದಿದ್ದ ತಮ್ಮ ತನ್ನ ಟೂ-ಇನ್-ಒನ್‌ನಲ್ಲಿ ತುಂಬಿಕೊಂಡದ್ದು. ಅತ್ತೆ ಮತ್ತು ಅವರ ಅಕ್ಕ ಜೋಡಿಯಾಗಿ ಹೇಳಿದ ಹಸೆ ಹಾಡು ಒಂದು ಬದಿ, ಆರತಿ ಹಾಡು ಇನ್ನೊಂದು ಬದಿ. ನಡುವೆ ಮಗು ಅಳುವುದು, ಯಾರೋ ‘ಪಾನಕ ಬಂತು’ ಎಂದು ಕೂಗುವುದು ಎಲ್ಲವೂ ಇತ್ತು. ಅಕ್ಕ ತೀರಿಕೊಂಡು ಬಹಳ ವರ್ಷಗಳಾದವು. ಅತ್ತೆಗೆ ಬೇಕಾದದ್ದು ಆ ದನಿ.

‘ಮೊಬೈಲ್ ಇದ್ಯಲ್ಲ, ಇನ್ನೊಂದು ಡಬ್ಬಿ ಯಾಕೆ?’ ಎಂದರು ನಮ್ಮವರು. ಸರಿ, ಒಂದು ವಾರ ಮೊಬೈಲನ್ನೇ ಕೊಟ್ಟು ನೋಡಿದೆವು. ಹಾಡಿನ ನಡುವೆ ಯಾರದೋ ಫೋನ್. ನಿಲ್ಲಿಸಲು ಹೋದರೆ ಬೆರಳು ತಾಗಿ ಇನ್ನೆಲ್ಲಿಗೋ ಹಾರುವುದು. ಇಂಟರ್‌ನೆಟ್‌ನಿಂದ ಭಜನೆ ಬರಿಸಿದರೆ ಮಧ್ಯೆ ಸೋಪಿನ ಜಾಹೀರಾತು. ಒಂದು ದಿನ ಬೆಳಗಿನ ನಾಲ್ಕೂವರೆಗೆ ಅತ್ತೆಯ ಬೆರಳು ತಾಗಿ ಬೀಗರ ಮನೆಗೆ ಫೋನ್ ಹೋಯಿತು. ಏನು ಕೆಟ್ಟ ಸುದ್ದಿಯೋ ಎಂದು ಅವರೆಲ್ಲ ಎದ್ದು ಕೂತರಂತೆ! ಅಲ್ಲಿಗೆ ಮೊಬೈಲ್ ಪ್ರಯೋಗ ಮುಗಿಯಿತು. ನಿಮ್ಮ ಕೈಗೆ ಮೊಬೈಲ್ ಒಗ್ಗಿದ್ದರೆ ನಿಮಗೆ ಬೇರೆ ಯಂತ್ರ ಬೇಡ. ಒಗ್ಗದವರಿಗೆ ಮಾತ್ರ ಇದು.

ಯಾರ ಕೈಗೆ?

ಮೊದಲ ಸಲ ನಾವು ತಪ್ಪಿದ್ದು ಇಲ್ಲಿ. ಮಗ ಆರಿಸಿದ ಪ್ಲೇಯರ್ ನೋಡಲು ಬಲು ಚೆಂದ. ಗಾಜಿನ ಮೈ, ಒಂದು ಗುಂಡಿಯೂ ಇಲ್ಲ, ಸವರಿದರೆ ಹಾಡು. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ, ‘ಇದರ ಬಾಯಿ ಎಲ್ಲಿದೆಯೇ?’ ಎಂದರು. ಅದು ಈಗ ಮಗನ ಜೇಬಿನಲ್ಲಿದೆ.

ಎರಡನೆಯದನ್ನು ನಾನೇ ಹೋಗಿ ತಂದೆ. ಅಂಗಡಿಯಲ್ಲಿ ಒಂದು ಉಪಾಯ ಮಾಡಿದೆ, ನೀವೂ ಮಾಡಿ. ಕಣ್ಣು ಮುಚ್ಚಿಕೊಂಡು ಪ್ಲೇಯರನ್ನು ಕೈಯಲ್ಲಿ ಹಿಡಿಯಿರಿ. ಹಾಡಿಸುವ ಗುಂಡಿ, ಮುಂದಿನದಕ್ಕೆ ಹೋಗುವ ಗುಂಡಿ, ದನಿ ಏರಿಸುವ ಗುಂಡಿ, ಈ ಮೂರೂ ಬೆರಳಿಗೆ ಬೇರೆ ಬೇರೆಯಾಗಿ ಸಿಗಬೇಕು. ಸಿಗದಿದ್ದರೆ ಕೆಳಗಿಟ್ಟು ಬನ್ನಿ.

ಇನ್ನು ಕೇಳಿ ತಿಳಿಯಬೇಕಾದ ಸಂಗತಿಗಳು. ಯಂತ್ರದಲ್ಲೇ ಸ್ಪೀಕರ್ ಇದೆಯೇ? ಹಲವು ಚಿಕ್ಕ ಪ್ಲೇಯರ್‌ಗಳಿಗೆ ಇರುವುದಿಲ್ಲ, ಕಿವಿಗೆ ವೈರು ಹಾಕಲೇಬೇಕು. ನಿಲ್ಲಿಸಿ ಮತ್ತೆ ಹಚ್ಚಿದಾಗ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆಯೇ, ಅಥವಾ ಮೊದಲ ಹಾಡಿಗೇ ಹೋಗುತ್ತದೆಯೇ? ಕಾರ್ಡ್ ಹಾಕಲು ಜಾಗವಿದೆಯೇ? ಚಾರ್ಜ್ ಮಾಡುವ ತೂತು ನಿಮ್ಮ ಮನೆಯ ಮೊಬೈಲ್ ವೈರಿಗೆ ಹೊಂದುತ್ತದೆಯೇ? ರೇಡಿಯೋ ಇದೆಯೇ? ಇದ್ದರೂ ಎಷ್ಟೋ ಯಂತ್ರಗಳಲ್ಲಿ ಕಿವಿಯ ವೈರೇ ಏರಿಯಲ್. ಅದನ್ನು ಚುಚ್ಚದೆ ಎಫ್‌ಎಂ ಸರಿಯಾಗಿ ಹಿಡಿಯದು. ಇನ್ನೊಂದು, ದನಿ ತುಂಬಿಕೊಳ್ಳುವ ಗುಂಡಿ, ಅಂದರೆ ರೆಕಾರ್ಡಿಂಗ್. ‘ಅದೆಲ್ಲ ನಮಗ್ಯಾಕೆ’ ಅನ್ನಬೇಡಿ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

ಹಾಡು ತುಂಬುವ ರಗಳೆಯೇ ಬೇಡ ಎನ್ನುವವರಿಗೆ ಬೇರೆ ದಾರಿ ಇದೆ. ಸರೆಗಮ ಕಂಪನಿ 2017ರಲ್ಲಿ ಕಾರವಾನ್ ಎಂಬ ಪೆಟ್ಟಿಗೆ ತಂದಿತು. ಅದರಲ್ಲಿ 5000 ಹಳೆಯ ಹಿಂದಿ ಹಾಡುಗಳು ಮೊದಲೇ ತುಂಬಿದ್ದವು. ಆಮೇಲೆ ಕನ್ನಡ ಹಾಡಿನದ್ದೂ ಬಂತು. ಅಂಗೈಗೆ ಅದು ದೊಡ್ಡದು, ಮೇಜಿನ ಮೇಲೆ ಇಡಲು ಸರಿ.

ಹಳೆಯದನ್ನು ಕೊಳ್ಳುವಾಗ ಜಾಗ್ರತೆ. 2001ರಲ್ಲಿ ಬಂದು ಜಗತ್ತನ್ನೇ ಕುಣಿಸಿದ ಐಪಾಡ್ ಅನ್ನು ಆಪಲ್ ಕಂಪನಿ 2022ರಲ್ಲಿ ನಿಲ್ಲಿಸಿಬಿಟ್ಟಿತು. ಯಾರಾದರೂ ‘ಬಳಸಿದ್ದು, ಅಗ್ಗಕ್ಕೆ ಕೊಡ್ತೀನಿ’ ಎಂದರೆ ಮೊದಲು ಬ್ಯಾಟರಿಯ ವಯಸ್ಸು ಕೇಳಿ.

ಎಷ್ಟು ಹಿಡಿಸುತ್ತದೆ?

ಎಂಪಿ3 ಎಂಬುದು ಯಂತ್ರದ ಹೆಸರಲ್ಲ, ಹಾಡನ್ನು ಮಡಿಸಿಡುವ ಒಂದು ಕ್ರಮ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರ ಪಾಲು ಅದರಲ್ಲಿ ದೊಡ್ಡದು. ಕಡತಗಳಿಗೆ ಆ ಹೆಸರು ಬಿದ್ದದ್ದು 1995ರಲ್ಲಿ. ಒಗ್ಗರಣೆಯ ಸಾಸಿವೆ ಸಿಡಿಯುವಾಗ ಪಕ್ಕದವರ ಪಿಸುಮಾತು ಕೇಳುತ್ತದೆಯೇ? ಇಲ್ಲ. ಹಾಗೆಯೇ ಜೋರು ದನಿಯ ಮರೆಯಲ್ಲಿ ಕಿವಿಗೆ ಹೇಗೂ ಬೀಳದ ಸಣ್ಣ ದನಿಗಳನ್ನು ಬಿಟ್ಟು, ಉಳಿದದ್ದನ್ನು ಒತ್ತಿ ಇಡುತ್ತದೆ. ಸಿ.ಡಿ.ಯಲ್ಲಿ ಒಂದು ನಿಮಿಷದ ಹಾಡಿಗೆ ಸುಮಾರು 10 ಎಂಬಿ ಜಾಗ ಬೇಕಾದರೆ, ಸಾಧಾರಣ ಎಂಪಿ3ಗೆ 1 ಎಂಬಿ ಸಾಕು.

ಈ ಲೆಕ್ಕ ನೆನಪಿಡಿ: ಒಂದು ನಿಮಿಷಕ್ಕೆ ಒಂದು ಎಂಬಿ. 1998ರಲ್ಲಿ ದಕ್ಷಿಣ ಕೊರಿಯಾದಲ್ಲಿ ಮೊದಲ ಎಂಪಿ3 ಪ್ಲೇಯರ್ ಬಂದಾಗ ಅದರಲ್ಲಿದ್ದ ಜಾಗ 32 ಎಂಬಿ. ಅಂದರೆ ಬರೀ ಅರ್ಧ ಗಂಟೆಯ ಹಾಡು. ಇಂದು 8 ಜಿಬಿ ಎಂದರೆ ಸುಮಾರು 130 ಗಂಟೆ. ದಿನಕ್ಕೆ ಎರಡು ಗಂಟೆ ಕೇಳಿದರೂ ಎರಡು ತಿಂಗಳಿಗೆ ಮೇಲೆ ಬರುತ್ತದೆ. ಅತ್ತೆಯ ಕೆಲಸಕ್ಕೆ ಅಷ್ಟು ಧಾರಾಳ ಸಾಕಿತ್ತು. ‘128 ಜಿಬಿ ಕಾರ್ಡ್ ಅಗ್ಗಕ್ಕೆ ಸಿಗತ್ತೆ’ ಎಂದು ಆಸೆಪಟ್ಟವಳು ನಾನು. ಅದರ ಫಲ ಮುಂದೆ ಹೇಳುತ್ತೇನೆ.

ಕಾರ್ಡ್ ಕೊಳ್ಳುವ ಮೊದಲು ಪ್ಲೇಯರ್‌ನ ಪೆಟ್ಟಿಗೆಯ ಮೇಲೆ ಎಷ್ಟರವರೆಗೆ ಹಿಡಿಸುತ್ತದೆ ಎಂದು ಓದಿ. ಸಾಧಾರಣ ಯಂತ್ರಗಳು ಹಲವು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದೇ ಇಲ್ಲ.

ತುಂಬುವುದು, ಕೇಳುವುದು

ಮಸಾಲೆ ಡಬ್ಬಿಯ ಹಾಗೆ ಬೇರೆ ಬೇರೆ ಫೋಲ್ಡರ್ ಮಾಡಿ: ಸುಪ್ರಭಾತ, ದೇವರನಾಮ, ಚಿತ್ರಗೀತೆ, ಮನೆಯವರ ಹಾಡು. ಹಾಡಿನ ಹೆಸರಿನ ಮೊದಲು 01, 02 ಎಂದು ಅಂಕಿ ಹಾಕಿ. ಹಾಕದಿದ್ದರೆ ಸುಪ್ರಭಾತಕ್ಕೆ ಮೊದಲೇ ಮಂಗಳಾರತಿ ಆಗಿಬಿಡುತ್ತದೆ. ಕನ್ನಡದಲ್ಲಿ ಹೆಸರು ಬರೆದರೆ ಕೆಲವು ಪ್ಲೇಯರ್‌ಗಳ ಪರದೆಯ ಮೇಲೆ ಬರೀ ಚೌಕಗಳು ಕಾಣುತ್ತವೆ. ಹಾಡೇನೂ ಕೆಟ್ಟಿರುವುದಿಲ್ಲ, ಯಂತ್ರಕ್ಕೆ ನಮ್ಮ ಅಕ್ಷರ ಬಾರದು ಅಷ್ಟೇ. ಕಂಪ್ಯೂಟರಿನಿಂದ ವೈರು ಕೀಳುವ ಮೊದಲು ‘ಎಜೆಕ್ಟ್’ ಒತ್ತಿ. ಕುದಿಯುವ ಹಾಲನ್ನು ಬಿಟ್ಟು ಎದ್ದು ಹೋದ ಹಾಗೆ ನಡುವೆ ಎಳೆದರೆ ಕಡತ ಹಾಳಾಗುತ್ತದೆ.

ಕಿವಿಗೆ ವೈರು ಹಾಕಿ ಕೇಳುವವರು ದನಿಯನ್ನು ಪೂರ್ತಿ ಏರಿಸಬೇಡಿ. ನೂರಕ್ಕೆ ಅರವತ್ತರ ಒಳಗಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬಲ್ ಆದರೆ 4 ಗಂಟೆ ಮಾತ್ರ. ಒಲೆಯ ಪಕ್ಕ, ಬಿಸಿಲು ಬೀಳುವ ಕಿಟಕಿಯಲ್ಲಿ ಪ್ಲೇಯರ್ ಇಡಬೇಡಿ, ಬ್ಯಾಟರಿಗೆ ಬಿಸಿ ಆಗದು. ಬೆನ್ನು ಉಬ್ಬಿದ ಹಾಗೆ ಕಂಡರೆ ಚಾರ್ಜಿಗೆ ಹಾಕಲೇಬೇಡಿ.

ಅಕ್ಕನ ದನಿ

ಈಗ ಆ ಕಾರ್ಡಿನ ಕಥೆ. ಕ್ಯಾಸೆಟ್ಟನ್ನು ಪಕ್ಕದ ಮನೆಯವರ ಟೇಪ್ ರೆಕಾರ್ಡರಿಗೆ ಹಾಕಿ, ವೈರಿನಿಂದ ಕಂಪ್ಯೂಟರಿಗೆ ಜೋಡಿಸಿ ಮಗನೇ ಎಂಪಿ3 ಮಾಡಿದ. 60 ನಿಮಿಷದ ಕ್ಯಾಸೆಟ್ಟಿಗೆ ಪೂರ್ತಿ 60 ನಿಮಿಷ ಕಾಯಬೇಕು, ಅವಸರ ನಡೆಯದು. ಆಮೇಲೆ ಕಾರ್ಡಿಗೆ ನಮ್ಮವರ ತಾಳಮದ್ದಳೆಗಳು ತುಂಬಿದವು, ಪ್ರವಚನ ತುಂಬಿತು, ಚಿತ್ರಗೀತೆ ತುಂಬಿತು. ಕಟ್ಟಕಡೆಗೆ ಅತ್ತೆಯ ಕ್ಯಾಸೆಟ್. ಪರದೆಯ ಮೇಲೆ ಹೆಸರೂ ಕಂಡಿತು. ‘ಆಯ್ತಲ್ಲ’ ಎಂದು ಮಗ ಕಂಪ್ಯೂಟರಿನಿಂದ ಅಳಿಸಿದ. ನಾನು ಕ್ಯಾಸೆಟ್ಟನ್ನು ಅಟ್ಟಕ್ಕೆ ಹಾಕಿದೆ. ಆಮೇಲೆ ನಮ್ಮ ಸಾಗರದ ಮಳೆಗಾಲ ಬಂತು.

ಅತ್ತೆ ದಿನವೂ ಮೊದಲಿನಿಂದ ಕೇಳುತ್ತಾ ಬಂದು, ಆಷಾಢದಲ್ಲಿ ಒಂದು ಬೆಳಿಗ್ಗೆ ಆ ಜಾಗಕ್ಕೆ ತಲುಪಿದರು. ಅಂಕಿ ಓಡುತ್ತಿದೆ, ದನಿ ಇಲ್ಲ. ನನ್ನನ್ನು ಎಬ್ಬಿಸಿ, ‘ಎಲ್ಲಿ ಹೋದ್ಲೇ ನಮ್ಮಕ್ಕ?’ ಎಂದರು.

ಕಾರ್ಡ್ ಖೋಟಾ! ಒಳಗಿನ ಜಾಗ 8 ಜಿಬಿಯಷ್ಟೇ. 128 ಎಂದು ಸುಳ್ಳು ಹೇಳುವಂತೆ ಮಾಡಿದ್ದರು. ತುಂಬಿದ ಮೇಲೂ ಅದು ‘ಬೇಡ’ ಅನ್ನುವುದಿಲ್ಲ. ಹೆಸರನ್ನು ಬರೆದುಕೊಂಡು ಹಾಡನ್ನು ಚೆಲ್ಲಿಬಿಡುತ್ತದೆ. ಪೇಟೆಯ ಅಂಗಡಿಯವನು ಹೊಸ ಕಾರ್ಡ್ ಕೊಟ್ಟ, ನಿಜ. ಹಾಡು ಕೊಡಬಲ್ಲನೇ? ಅಟ್ಟ ಹತ್ತಿ ಕ್ಯಾಸೆಟ್ ಇಳಿಸಿದರೆ ಬಿಳಿ ಬೂಷ್ಟು. ಸುತ್ತಲು ಹೋದದ್ದೇ ತಡ, ಪಟ್ಟಿ ಅಂಟಿಕೊಂಡು ತುಂಡಾಯಿತು.

ಉಳಿಸಿದ್ದು ಮೈಸೂರಿನಲ್ಲಿರುವ ನಾದಿನಿಯ ಮಗಳು. ‘ಅಜ್ಜಿ ಹಾಡು ನನಗೂ ಕಳ್ಸು’ ಎಂದು ಮಗನಿಂದ ವಾಟ್ಸ್ಯಾಪಿನಲ್ಲಿ ಒಂದು ಬದಿಯನ್ನು ತರಿಸಿಕೊಂಡಿದ್ದಳು. ಹಸೆ ಹಾಡು ಸಿಕ್ಕಿತು. ಆರತಿ ಹಾಡಿನ ಬದಿ ಹೋದದ್ದು ಹೋಯಿತು.

ಗೆಳತಿಯರೇ, ನಾನು ಕಲಿತದ್ದು ಇಷ್ಟು. ಪ್ಲೇಯರ್ ಎಂಬುದು ಬಡಿಸುವ ಪಾತ್ರೆ, ಕಣಜವಲ್ಲ. ಪೇಟೆಯಲ್ಲಿ ಸಿಗುವ ಹಾಡು ಹೋದರೆ ಮತ್ತೆ ತಂದೇವು. ಮನೆಯವರ ದನಿ ಎಲ್ಲಿಂದ ತರುವುದು? ಅದು ಪ್ಲೇಯರ್ ಬಿಟ್ಟು ಇನ್ನೂ ಎರಡು ಕಡೆ ಇರಲಿ: ಒಂದು ಮನೆಯ ಕಂಪ್ಯೂಟರಿನಲ್ಲೋ ಪೆನ್‌ಡ್ರೈವಿನಲ್ಲೋ, ಇನ್ನೊಂದು ಬೇರೆ ಊರಿನ ನೆಂಟರ ಹತ್ತಿರ. ಕಾರ್ಡನ್ನು ರಸೀದಿ ಕೊಡುವ ಅಂಗಡಿಯಲ್ಲೇ ಕೊಳ್ಳಿ. ತಂದ ದಿನವೇ ಪೂರ್ತಿ ತುಂಬಿ, ಮೊದಲಿನದು, ನಡುವಿನದು, ಕೊನೆಯದು ಹಾಡಿಸಿ ನೋಡಿ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶವೂ ಖಾಲಿ ಕಾರ್ಡಿನ ನಿಜವಾದ ಅಳತೆ ಹೇಳುತ್ತದೆ; ಮಕ್ಕಳಿಗೆ ಹೇಳಿದರೆ ಮಾಡಿಕೊಡುತ್ತಾರೆ. ಹೊಸದರಲ್ಲಿ ಹಾಡು ಕೇಳಿಸುವವರೆಗೆ ಹಳೆಯದನ್ನು ಅಳಿಸಬೇಡಿ. ಕ್ಯಾಸೆಟ್ಟುಗಳನ್ನು ಅಟ್ಟದಿಂದ ಇಳಿಸಿ, ಒಣಗಿದ ಬೀರುವಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.

ರೆಕಾರ್ಡಿಂಗ್ ಗುಂಡಿಯ ಮಾತು ಬಾಕಿ ಇತ್ತಲ್ಲ? ನಾನು ಪೆಚ್ಚಾಗಿ ಕೂತದ್ದನ್ನು ನೋಡಿ ಅತ್ತೆಯೇ ಅಂದರು, ‘ಆರತಿ ಹಾಡು ನಂಗೆ ಬಾಯಿಗೇ ಬರತ್ತೆ. ಆ ಡಬ್ಬಿ ಹಚ್ಚು.’ ಮಧ್ಯಾಹ್ನ ಫ್ಯಾನು ಆರಿಸಿ, ಕುಕ್ಕರ್ ಇಳಿಸಿ, ಪ್ಲೇಯರನ್ನು ಮಡಿಚಿದ ಬಟ್ಟೆಯ ಮೇಲೆ ಅವರ ಬಾಯಿಯಿಂದ ಒಂದು ಗೇಣು ದೂರದಲ್ಲಿಟ್ಟೆ. ಅವರು ಒಂದು ಸಾಲು ಹೇಳಿ ನಿಲ್ಲಿಸಿದರು. ಎರಡನೆಯ ಸಾಲು ಅಕ್ಕನದು. ‘ನೀನು ಹೇಳೇ’ ಎಂದರು. ನನ್ನ ಕಂಠ ಅಷ್ಟಕ್ಕಷ್ಟೇ, ಆದರೂ ಹೇಳಿದೆ. ಏಳು ಹಾಡು ಆದವು. ಅಂದೇ ಸಂಜೆ ಮೈಸೂರಿಗೂ ಕಳಿಸಿದೆವು.

ನಿಮ್ಮ ಮನೆಯಲ್ಲೂ ಇಂಥ ಹಾಡು ಬಲ್ಲವರಿದ್ದರೆ ಈ ಭಾನುವಾರವೇ ಕೂರಿಸಿಕೊಳ್ಳಿ. ಕುಕ್ಕರ್ ಮಾತ್ರ ಮೊದಲೇ ಇಳಿಸಿ. ನಮ್ಮ ಮೂರನೆಯ ಹಾಡಿನಲ್ಲಿ ಪಕ್ಕದ ಮನೆಯ ಸೀಟಿ ಇದೆ!