ಒಂದು ಚೆಲ್ಲೋ, ಎರಡು ಲೋಕ
ಈ ವಾರವೆಲ್ಲ ಕೇಳಿದ್ದು, ಚೆಲ್ಲೋ ವಾದಕ ರಾಸ್ಟ್ರೊಪೊವಿಚ್ ಪ್ಯಾರಿಸ್ ವಾದ್ಯವೃಂದದೊಡನೆ ಇಎಂಐ ಕಂಪನಿಗಾಗಿ ನುಡಿಸಿದ ಧ್ವನಿಮುದ್ರಿಕೆ. ಅದರ ಎರಡೂ ಚೆಲ್ಲೋ ಕೃತಿಗಳು ಅವರಿಗೆಂದೇ ರಚನೆಯಾದವು. ಎರಡೂ ಮೊದಲು ವೇದಿಕೆಗೆ ಬಂದದ್ದು 1970ರಲ್ಲಿ. ಸ್ವಭಾವ ಮಾತ್ರ ತದ್ವಿರುದ್ಧ. ಬೋದಿಲೇರನ ಕವಿತೆಗಳಿಂದ ಸ್ಫೂರ್ತಿ ಪಡೆದ, ಸಂಯೋಜಕ ದ್ಯುತಿಯ್ಯೂ ಅವರ ಕೃತಿಯಲ್ಲಿ ಚೆಲ್ಲೋ ವಾದ್ಯವೃಂದದೊಳಗೆ ಕರಗಿ ಕನಸು ಕಾಣುತ್ತದೆ. ಇನ್ನೊಬ್ಬ ಸಂಯೋಜಕ ಲುತೊಸ್ಲಾವ್ಸ್ಕಿಯ ಕೃತಿಯಲ್ಲಿ ಅದು ಒಂದೇ ಸ್ವರವನ್ನು ನಿರ್ಲಿಪ್ತವಾಗಿ ಮತ್ತೆ ಮತ್ತೆ ನುಡಿಸುತ್ತ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿರುವಾಗ ಟ್ರಂಪೆಟ್‌ಗಳು ನುಗ್ಗಿ ಬಾಯಿ ಮುಚ್ಚಿಸುತ್ತವೆ. ಲುತೊಸ್ಲಾವ್ಸ್ಕಿಯ ಈ ಕೃತಿಯ ಮೊದಲ ಕಛೇರಿ ನಡೆದ ಅಕ್ಟೋಬರ್ ತಿಂಗಳ ಕೊನೆಯಲ್ಲೇ ರಾಸ್ಟ್ರೊಪೊವಿಚ್, ಸೋವಿಯತ್ ಸರ್ಕಾರದ ಕಿರುಕುಳಕ್ಕೆ ಗುರಿಯಾಗಿದ್ದ ಲೇಖಕ ಸೊಲ್ಜೆನಿತ್ಸಿನ್ ಪರವಾಗಿ ಬಹಿರಂಗ ಪತ್ರ ಬರೆದರು. ಹಾಗೆಂದು ಈ ಕೃತಿಯನ್ನು ರಾಜಕೀಯದ ಕತೆಯಾಗಿಸಿದರೆ ಸಂಗೀತ ಕುಗ್ಗುತ್ತದೆ. ಕರಗುವ ಸುಖವನ್ನೂ ಎದುರು ನಿಲ್ಲುವ ಹಟವನ್ನೂ ಒಂದೇ ಕಮಾನು ಇಷ್ಟು ಪ್ರಾಮಾಣಿಕವಾಗಿ ನುಡಿಸಿದೆಯಲ್ಲ, ಅದೇ ಈ ಧ್ವನಿಮುದ್ರಿಕೆಯ ದೊಡ್ಡತನ; ಎರಡನ್ನೂ ಒಟ್ಟಿಗೇ ಕೇಳಬೇಕು.