ಚಸಮಾಕ್ಕೂ ಫ್ಯಾನ್ ಬೇಕೇನ್ರಿ?

ಬಂದೂಕಿಗೆ ಕೇಳಿದಷ್ಟು ರೊಕ್ಕ ಎಣಿಸಿಕೊಡುವ ನಮ್ಮ ಗಂಡಸರು ಮಗನ ಕಣ್ಣಿನ ವಿಷಯ ಬಂದಾಗ ಎಷ್ಟು ಜಿಪುಣರಾಗುತ್ತಾರೆಂದು ನೋಡಬೇಕಾದರೆ ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಬೇಕು. ಭಂಡಾರ, ಬಳೆ, ಬೆಂಡು-ಬತ್ತಾಸಿನ ಅಂಗಡಿಗಳ ನಡುವೆ ಪ್ಲಾಸ್ಟಿಕ್ ಬಂದೂಕಿನ ಅಂಗಡಿಯೊಂದು ಇದ್ದೇ ಇರುತ್ತದೆ. ಅದಕ್ಕೆ ಹಾಕುವ ಹಳದಿ ಗುಂಡುಗಳ ಪುಡಿಕೆಯೂ ಅಲ್ಲೇ ಸಿಗುತ್ತದೆ. ಅಪ್ಪ ಬಂದೂಕು ಕೊಡಿಸುತ್ತಾನೆ, ಗುಂಡೂ ಕೊಡಿಸುತ್ತಾನೆ. ಕಣ್ಣಿಗೆ ಏನು ಎಂದು ಕೇಳಿ ನೋಡಿ. ನಿಮ್ಮನ್ನೇ ಹುಚ್ಚರ ಹಾಗೆ ನೋಡುತ್ತಾನೆ.

ಇದು ಬರಿಯ ಜಾತ್ರೆಯ ಆಟಿಕೆಯಲ್ಲ. ಇದರ ದೊಡ್ಡಣ್ಣನಿಗೆ ಏರ್‌ಸಾಫ್ಟ್ ಎಂದು ಹೆಸರು. 1970ರ ದಶಕದಲ್ಲಿ ಜಪಾನಿನಲ್ಲಿ ಹುಟ್ಟಿ ಲೋಕವೆಲ್ಲ ಹರಡಿದ ಆಟ. 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು, ತೂಕ ಸಾಮಾನ್ಯವಾಗಿ 0.20 ಗ್ರಾಂ. ಒಳ್ಳೆಯ ಬಂದೂಕಿನಿಂದ ಅದು ಸೆಕೆಂಡಿಗೆ ಸುಮಾರು 100 ಮೀಟರ್, ಅಂದರೆ ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ. ಜಾತ್ರೆಯ ಬಂದೂಕಿಗೆ ಅಷ್ಟು ಶಕ್ತಿಯಿಲ್ಲ, ನಿಜ. ಆದರೆ ಕಣ್ಣಿಗೂ ಅಷ್ಟು ಶಕ್ತಿಯಿಲ್ಲ.

ನಮ್ಮ ಶಾಲೆಯ ಆರನೆಯ ತರಗತಿಯ ಹುಡುಗನೊಬ್ಬನಿಗೆ ಹೀಗೇ ಗುಂಡು ಬಡಿಯಿತು. ಕಣ್ಣಿನೊಳಗೆ, ಕಪ್ಪುಗುಡ್ಡೆಯ ಮುಂದೆ ರಕ್ತ ಇಳಿದಿತ್ತು. ಬೆಳಗಾವಿಗೆ ಒಯ್ದರು. ತಲೆ ಎತ್ತರಕ್ಕಿಟ್ಟು ದಿನಗಟ್ಟಲೆ ಮಲಗಿಸಿದರು. ದೃಷ್ಟಿ ಉಳಿಯಿತು. ಆದರೆ ಇಂಥ ಏಟು ತಿಂದ ಕಣ್ಣಿನಲ್ಲಿ ಮುಂದೆ ಎಂದಾದರೂ ಒತ್ತಡ ಏರಬಹುದು, ಪೊರೆ ಬರಬಹುದು, ವರ್ಷವರ್ಷ ತೋರಿಸುತ್ತಿರಿ ಎಂದು ಹೇಳಿ ಕಳಿಸಿದರು. ಆ ತಾಯಿ ಶಾಲೆಗೆ ಬಂದು, "ಚಸಮಾ ಕೊಟ್ಟಿದ್ವಿರಿ ಅಕ್ಕೋರ. ಇವನ ತಗದು ಹಣಿ ಮ್ಯಾಲ ಇಟಗೊಂಡಾನ" ಎಂದು ಅತ್ತಳು. ಮನೆಯವರು, ಓಣಿಯವರು, ನಮ್ಮ ಸ್ಟಾಫ್ ರೂಮಿನವರು, ಎಲ್ಲರೂ ಹುಡುಗನಿಗೇ ಬೈದರು. ಯಾಕೆ ತೆಗೆದೆ ಎಂದು ಯಾರೂ ಕೇಳಲಿಲ್ಲ. ನಾನು ಕೇಳಿದೆ. "ಏನೂ ಕಾಣಲಿಲ್ರಿ. ಒಳಗ ಮಬ್ಬ ಆಗಿತ್ತರಿ" ಎಂದ.

ನನ್ನ ಜಗಳ ಇಲ್ಲಿಂದಲೇ ಸುರುವಾಗುತ್ತದೆ. ಮಬ್ಬುಗಟ್ಟುವ ಚಸಮಾ ಕೊಟ್ಟು, ಅದನ್ನು ತೆಗೆದ ಹುಡುಗನಿಗೆ ಬೈಯುವುದು ಯಾವ ನ್ಯಾಯ? ಕಾಣದೆ ಆಡಲು ಯಾರಿಗೆ ಬರುತ್ತದೆ? ರೊಟ್ಟಿಯ ಹಂಚಿನ ಮುಂದೆ, ಅನ್ನದ ಗಂಜಿ ಬಸಿಯುವಾಗ ನಮ್ಮ ಚಾಳೀಸು ಮಂಜಾದರೆ ನಾವೇನು ಮಾಡುತ್ತೇವೆ? ಸೆರಗಿಗೆ ಒರೆಸಿಕೊಳ್ಳುತ್ತೇವೆ. 2020ರಲ್ಲಿ ಮಾಸ್ಕು ಬಂದಾಗ ಚಾಳೀಸಿನವರೆಲ್ಲ ಇದನ್ನೇ ಅನುಭವಿಸಿದೆವು. ಮೂಗಿನ ಪಕ್ಕದಿಂದ ಏರಿದ ಬಿಸಿ ಉಸಿರು ತಣ್ಣಗಿನ ಗಾಜಿಗೆ ತಾಗಿ ಹನಿಗಟ್ಟುತ್ತಿತ್ತು. ಓಡುವ ಹುಡುಗನ ಮುಖದ ಬೆವರೂ ಉಸಿರೂ ಮುಚ್ಚಿದ ಚಸಮಾದೊಳಗೆ ಸಿಕ್ಕಿಕೊಂಡರೆ ಆಗುವುದೂ ಅದೇ. ಒರೆಸಲು ಎತ್ತಿದ ಆ ಎರಡು ಗಳಿಗೆಯಲ್ಲೇ ಗುಂಡು ಬರುವುದು.

ಕಳೆದ ರಜೆಯಲ್ಲಿ ನನ್ನ ಅಕ್ಕನ ಮಗ ಅಮೆರಿಕದಿಂದ ಬೈಲಹೊಂಗಲಕ್ಕೆ ಬಂದಿದ್ದ. ರವಿವಾರ ಈ ಆಟ ಆಡುವವನು. ಅವನ ಚಸಮಾದ ಮೇಲಂಚಿನಲ್ಲಿ ಬೆರಳ ತುದಿಯಷ್ಟು ಸಣ್ಣ ಫ್ಯಾನ್ ಇತ್ತು. ಮನೆಮಂದಿ ಬಿದ್ದುಬಿದ್ದು ನಕ್ಕರು. "ಚಸಮಾಕ್ಕೂ ಫ್ಯಾನ್ ಬೇಕೇನೋ? ನಾಳೆ ಚಪ್ಪಲಿಗೂ ಹಾಕಿಸಿಕೋ" ಎಂದರು ನಮ್ಮ ಮನೆಯವರು. ಇನ್ನೊಬ್ಬ ಹಿರಿಯರು, ಇದು ಕಿತ್ತೂರ ಚೆನ್ನಮ್ಮನ ನೆಲ, ಇಲ್ಲಿಯ ಗಂಡುಹುಡುಗರು ಗುಂಡಿಗೆ ಅಂಜಬಾರದು ಎಂದು ಭಾಷಣ ಹೊಡೆದರು. ಚೆನ್ನಮ್ಮನ ಸಮಾಧಿ ಇರುವ ಊರಿನಲ್ಲಿ ಕೂತು ಹೇಳುತ್ತೇನೆ: ಆ ತಾಯಿ 1824ರಲ್ಲಿ ಕಾದಿದ್ದು ರಾಜ್ಯಕ್ಕಾಗಿ, ಜಾತ್ರೆಯ ಬಂದೂಕಿಗಾಗಿ ಅಲ್ಲ. ಆ ಕಾಲದ ವೀರರೂ ಡಾಲು ಹಿಡಿದೇ ಹೋಗುತ್ತಿದ್ದರು. ಡಾಲು ಹಿಡಿದವನನ್ನು ಅಂಜುಬುರುಕ ಎಂದು ಯಾವ ಲಾವಣಿಕಾರನೂ ಹಾಡಿಲ್ಲ.

ಆ ಹುಡುಗನನ್ನು ಕೂಡಿಸಿಕೊಂಡು ಎಲ್ಲ ಕೇಳಿ ತಿಳಿದುಕೊಂಡೆ. "ಚಿಗವ್ವ, ನೀ ಆಡಾಕ ಹೊಂಟೀ ಏನ?" ಎಂದು ಅವನೂ ನಕ್ಕ. ನಗಲಿ. ಅಂಗಡಿಯವನು ಹೇಳಿದ್ದೇ ವೇದವಾಗಬಾರದಲ್ಲ.

ಫ್ಯಾನಿನ ಕೆಲಸ ಮುಖಕ್ಕೆ ಗಾಳಿ ಹಾಕುವುದಲ್ಲ, ಒಳಗಿನ ಹಸಿಗಾಳಿಯನ್ನು ಹೊರಗೆ ಎಳೆಯುವುದು. ಅಡುಗೆಮನೆಯ ಗೋಡೆಯ ಎಕ್ಸಾಸ್ಟ್ ಫ್ಯಾನ್ ಇದ್ದ ಹಾಗೆ. ಹೊರಗಿನ ಗಾಳಿ ಒಳಗೆ ಬರಲು ಕಿಂಡಿ ಇಲ್ಲದಿದ್ದರೆ ಅದು ಸುಮ್ಮನೆ ಗುಂಯ್ ಎನ್ನುತ್ತದೆ. ಆದ್ದರಿಂದ ಕೊಳ್ಳುವಾಗ ಮೊದಲು ಕಿಂಡಿಗಳನ್ನು ನೋಡಬೇಕು. ಕಿಂಡಿಗೆ ಜಾಳಿಗೆಯೋ ಸ್ಪಂಜೋ ಇರಲೇಬೇಕು, 6 ಮಿಲಿಮೀಟರಿನ ಗುಂಡು ತೂರಬಾರದು. ಆ ಸ್ಪಂಜನ್ನು ಆಗಾಗ ತೊಳೆಯದಿದ್ದರೆ ರಾಮದುರ್ಗದ ಬೇಸಿಗೆಯ ಧೂಳಿಗೆ ಕಿಂಡಿ ಕಟ್ಟಿ ಫ್ಯಾನ್ ಇದ್ದೂ ಇಲ್ಲದಂತೆ. ಆ ಒಣಹವೆಯಲ್ಲಿ ಒಳ್ಳೆಯ ಕಿಂಡಿಯ ಚಸಮಾ ಫ್ಯಾನಿಲ್ಲದೆಯೂ ನಡೆಸೀತು. ಕಿತ್ತೂರಿನ ಕಡೆಯ ಮಳೆಗಾಲಕ್ಕೆ, ಬಹಳ ಬೆವರುವ ಮಕ್ಕಳಿಗೆ, ಒಳಗೆ ನಂಬರಿನ ಚಾಳೀಸು ಹಾಕುವವರಿಗೆ ಫ್ಯಾನ್ ಬೇಕು. ಚಾಳೀಸಿನವರಿಗೆ ಮಂಜಾಗುವ ಗಾಜು ಒಂದಲ್ಲ, ಎರಡು.

ಚಸಮಾದಲ್ಲೇ ಕೂಡಿಸಿ ಬರುವ ಫ್ಯಾನೂ ಉಂಟು, ಬೇರೆಯಾಗಿ ಕೊಂಡು ಸಿಕ್ಕಿಸುವುದೂ ಉಂಟು. ಬೇರೆಯದರಲ್ಲಿ ಸೆಲ್ಲಿನ ಡಬ್ಬಿ ತಲೆಯ ಹಿಂದಿನ ಪಟ್ಟಿಗೆ ಬರುತ್ತದೆ, ವಾಯರು ಕಿವಿಯ ಪಕ್ಕದಲ್ಲಿ ಹಾಯುತ್ತದೆ. ಎಳೆದಾಡುವ ಮಕ್ಕಳಿಗೆ ಅದು ತಾಳುವುದಿಲ್ಲ. ನನ್ನನ್ನು ಕೇಳಿದರೆ ಕೂಡಿಸಿ ಬಂದದ್ದೇ ವಾಸಿ. ಯಾರಾದರೂ ಜಾಣರು, ಗಾಜಿಗೆ ತೂತು ಕೊರೆದು ಕಂಪ್ಯೂಟರಿನ ಹಳೆಯ ಫ್ಯಾನ್ ಕೂಡಿಸಿಕೊಡುತ್ತೇವೆಂದರೆ ಒಪ್ಪಲೇಬೇಡಿ. ಕೊರೆದ ಗಾಜು ಆ ತೂತಿನಿಂದಲೇ ಸೀಳುತ್ತದೆ.

ಇನ್ನು ಫ್ಯಾನ್ ನೋಡಿ ಮರುಳಾಗಿ ಗಾಜನ್ನು ಮರೆಯುವವರಿಗೂ ಒಂದು ಮಾತು. ಫ್ಯಾನ್ ಗುಂಡು ತಡೆಯುವುದಿಲ್ಲ. ಗಾಜು ಪಾಲಿಕಾರ್ಬೊನೇಟಿನದಿರಬೇಕು, ಅದರ ಮೇಲೆ ಗುರುತಿರಬೇಕು. ಅಮೆರಿಕದ್ದಾದರೆ ಝಡ್ 87 ಪ್ಲಸ್, ಯುರೋಪಿನದಾದರೆ ಇಎನ್ 166. ಇಎನ್ 166ರಲ್ಲಿ 'ಬಿ' ಅಕ್ಷರವಿದ್ದರೆ, 6 ಮಿಲಿಮೀಟರಿನ ಉಕ್ಕಿನ ಗುಂಡನ್ನು ಸೆಕೆಂಡಿಗೆ 120 ಮೀಟರ್ ವೇಗದಲ್ಲಿ ಹೊಡೆದು ನೋಡಿದ್ದಾರೆ ಎಂದರ್ಥ. 'ಎಫ್' ಇದ್ದರೆ ಬರೀ 45 ಮೀಟರ್. ಎರಡು ಪದರದ ಗಾಜು ಸಿಕ್ಕರೆ ಇನ್ನೂ ಒಳ್ಳೆಯದು. ನಡುವಿನ ಗಾಳಿಯಿಂದ ಒಳಗಾಜು ಅಷ್ಟು ತಣ್ಣಗಾಗುವುದಿಲ್ಲ. ಹಾಗಿದ್ದರೆ ಸೆಲ್ ಸತ್ತಾಗಲೂ ಸ್ವಲ್ಪ ಹೊತ್ತು ಕಾಣುತ್ತದೆ. ಗಾಜೇ ಇಲ್ಲದ, ತಂತಿಯ ಜಾಳಿಗೆಯ ಚಸಮಾ ಮಬ್ಬಾಗುವುದೇ ಇಲ್ಲ, ಅಗ್ಗವೂ ಹೌದು. ಆದರೆ ಗುಂಡು ಒಡೆದು ಚೂರಾದರೆ ಆ ಚೂರು ಜಾಳಿಗೆಯಿಂದ ಒಳಗೆ ಬರುತ್ತದೆ. ನನ್ನ ಮಗನಾಗಿದ್ದರೆ ನಾನು ಕೊಡಿಸುತ್ತಿರಲಿಲ್ಲ.

ಇಷ್ಟು ರೊಕ್ಕ ಎಲ್ಲಿಂದ ತರೋಣ ಎನ್ನುವವರಿಗೆ ನನ್ನ ಉತ್ತರ ಒಂದೇ. ಚಸಮಾಕ್ಕೆ ರೊಕ್ಕ ಸಾಲದಿದ್ದರೆ ಬಂದೂಕು ಕೊಡಿಸಬೇಡಿ. ಬಂದೂಕು ಇವತ್ತು, ಚಸಮಾ ಮುಂದಿನ ಜಾತ್ರೆಗೆ ಎಂಬ ಲೆಕ್ಕಕ್ಕೆ ಮನೆಯ ಹೆಣ್ಣುಮಕ್ಕಳು ತಲೆದೂಗಬಾರದು. ದವಾಖಾನೆಯಲ್ಲಿ ಮಗುವಿನ ತಲೆ ಹಿಡಿದುಕೊಂಡು ಕೂಡುವವರು ನಾವೇ ತಾನೆ.

ಮೊನ್ನೆಯ ಜಾತ್ರೆಯಲ್ಲಿ ಅಂಗಡಿಯವನನ್ನೇ ನಿಲ್ಲಿಸಿ ಕೇಳಿದೆ, ಇಷ್ಟೊಂದು ಬಂದೂಕು ಇಟ್ಟೀರಿ, ಒಂದಾದರೂ ಚಸಮಾ ಯಾಕೆ ಇಟ್ಟಿಲ್ಲ ಎಂದು. ಅವನು ಪಾಪ, ಸುಳ್ಳು ಹೇಳಲಿಲ್ಲ. "ಯಾರೂ ಕೇಳೂದಿಲ್ರಿ ಅಕ್ಕಾರ. ನೀವ ಮೊದಲನೇದವರ" ಎಂದ.